ಮಂಚದ ಕೆಳಗಿನ ಇನ್ವರ್ಟರ್

ಇನ್ವರ್ಟರ್ ಕೈಕೊಟ್ಟದ್ದು ಅತ್ತೆ ಸಂಜೆಯ ನೆಬ್ಯುಲೈಸರ್ ಹಿಡಿದು ಕೂತಾಗ. ಮೂಗಿಗೂ ಬಾಯಿಗೂ ಸೇರಿಸಿ ಕಟ್ಟಿಕೊಂಡ ಪ್ಲಾಸ್ಟಿಕ್ ಮುಖವಾಡದೊಳಗೆ ಒಂದಿಷ್ಟು ಬಿಳಿ ಆವಿ ಆಡಿತು, ಯಂತ್ರದ ಸದ್ದು ಸೊರಗುತ್ತ ಬಂದು ನಿಂತೇಹೋಯಿತು, ಹಿಂದೆಯೇ ಮಂಚದ ಕೆಳಗಿನಿಂದ ಕೀಂ ಕೀಂ ಎಂಬ ಕೂಗು ಶುರುವಾಯಿತು.

"ಅದೇನು, ಇಲಿ ಸಿಕ್ಕಿಹಾಕ್ಕೊಂಡಿದೆಯಾ?" ಅತ್ತೆ ಮುಖವಾಡ ಸರಿಸಿ ಕೇಳಿದರು.

"ಇಲ್ಲ ಅತ್ತೆ. ಇನ್ವರ್ಟರ್."

"ಅದಕ್ಕೇನು ಬಂತು ರೋಗ?"

"ಗೊತ್ತಿಲ್ಲ."

ಮಾತು ತಪ್ಪಿಸಲು ಹೇಳಿದ್ದಲ್ಲ, ಅಳಿಯನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವರಿಬ್ಬರೂ ಕೂತಿದ್ದ ಗಾಡಿಯಲ್ಲಿ ಕರೆಂಟಿನ ಬಾಬ್ತೆಲ್ಲ ಹೆಂಡತಿಯದು. ಅವನು ಕನ್ನಡಕದ ಅಂಗಡಿ ಇಟ್ಟಿದ್ದವನು, ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದರಲ್ಲೇ ತಲೆ ನರೆತಿತ್ತು. ಅವಳು ಟೆಲಿಫೋನ್ ಇಲಾಖೆಯಲ್ಲಿ ಲೈನು ನೋಡಿಕೊಳ್ಳುತ್ತಿದ್ದವಳು, ಕಂಬ ಹತ್ತಿ ಇಳಿದವಳು. ಇಬ್ಬರೂ ಕೆಲಸ ಬಿಟ್ಟ ಮೇಲೆ ಉದ್ದನೆಯ ಹಳೇ ವ್ಯಾನೊಂದನ್ನು ಕೊಂಡು, ಅದರೊಳಗೆ ಮಂಚ, ಒಲೆ, ಸಿಂಕು, ಅಂಗೈಯಗಲದ ಬಚ್ಚಲು ಎಲ್ಲ ಕೂರಿಸಿ ಮನೆ ಮಾಡಿಕೊಂಡಿದ್ದರು. ಮರಗೆಲಸ ಅವನು ಮಾಡಿದ, ವಯರು ಅವಳು ಎಳೆದಳು. ಅಂಥ ಗಾಡಿಗೆ ಮೋಟರ್‌ಹೋಮ್ ಅನ್ನುತ್ತಾರೆ. ಅತ್ತೆ ಮೊದಲಿನಿಂದಲೂ ಡಬ್ಬ ಅನ್ನುತ್ತಿದ್ದರು.

ಗಂಡಹೆಂಡತಿ ಇಬ್ಬರೇ ಕೆಲವು ಊರು ಸುತ್ತಿದರು. ಒಂದು ಊರಿನಲ್ಲಿ, ಗಾಡಿ ನಿಲ್ಲಿಸಿದ್ದ ಮೈದಾನದ ನಲ್ಲಿಯ ಹತ್ತಿರ, ನೀರಿನ ಕ್ಯಾನು ಹಿಡಿದು ನಿಂತಿದ್ದವಳು ಹಾಗೇ ಕುಸಿದಳು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಲ್ಲಿ ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ. ಅವನು ವಾಪಸು ಬಂದಾಗಲೂ ನೀರು ಹರಿಯುತ್ತಲೇ ಇತ್ತು. ಹೋಗಿ ನಿಲ್ಲಿಸಿದ.

ಅತ್ತೆ ಇದ್ದದ್ದು ಅವನ ಹಳೆಯ ಅಂಗಡಿಯ ಬೀದಿಯಲ್ಲಿ, ಒಂದು ಬಾಡಿಗೆ ಕೋಣೆಯಲ್ಲಿ. ಮಗಳಿದ್ದಳು ಎಂದು ಅಲ್ಲಿದ್ದವರು, ಮಗಳೇ ಇಲ್ಲದ ಮೇಲೆ ಅಲ್ಲೇನು? ಅತ್ತೆಯ ಮಗ ಫೋನ್ ಮಾಡಿ, "ಅಮ್ಮನ್ನ ಇಲ್ಲಿಗೇ ಕರ್ಕೊಂಡು ಬಂದ್ಬಿಡಿ ಭಾವ, ರೂಮು ಖಾಲಿ ಮಾಡಿಟ್ಟಿದ್ದೀವಿ" ಎಂದ. ದೂರದ ದಾರಿ. ರೈಲಿನಲ್ಲಿ ಅಷ್ಟು ಹೊತ್ತು ಕೂರಲು ಅತ್ತೆಯ ಉಬ್ಬಸ ಬಿಡುವುದಿಲ್ಲ. ಅದಕ್ಕೇ ಗಾಡಿ. ಅತ್ತೆಗೆ ಮಂಚ, ಅವನಿಗೆ ಮುಂದಿನ ಸೀಟು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಿದ್ದು ಕಡಿಮೆ: ಎಡಕ್ಕಾ, ಬಲಕ್ಕಾ, ಸಕ್ಕರೆ ಸಾಕಾ, ಕಿಟಕಿ ಹಾಕಲಾ.

ಇನ್ವರ್ಟರ್ ನಿಂತಾಗ ಗಾಡಿ ಪ್ರವಾಸಿಗರು ತಂಗುವ ಒಂದು ಮೈದಾನದಲ್ಲಿತ್ತು. ಪಕ್ಕದ ಕಂಬದಿಂದ ಕೇಬಲ್ ಎಳೆದು ಕರೆಂಟು ಕೊಟ್ಟಿದ್ದ. ಹಾಗಿದ್ದೂ ಬ್ಯಾಟರಿ ಇಳಿದಿದೆ ಎಂದು ಕೆಂಪು ದೀಪ ಮಿನುಗುತ್ತಿತ್ತು. ಮುದುಕಿಯ ಉಸಿರಿನ ಯಂತ್ರ ನಿಂತಿದೆ, ಗಾಬರಿಯಾಗಬೇಕಿತ್ತು. ಅವನಿಗೆ ಆಗಲಿಲ್ಲ. ಹೆಂಡತಿ ಹೋದಾಗಿನಿಂದ ಹೀಗೇ ಆಗಿತ್ತು. ಚಳಿಗೆ ಮರಗಟ್ಟಿದ ಬೆರಳನ್ನು ಮುಟ್ಟಿ ನೋಡಿದರೆ ಯಾರದ್ದೋ ಬೆರಳು ಅನ್ನಿಸುತ್ತದಲ್ಲ, ಅವನಿಗೆ ಇಡೀ ಮೈಯೇ ಹಾಗಿತ್ತು. ಅತ್ತೆಯ ಚೀಲದಿಂದ ಬಾಯಿಗೆ ಹೊಡೆದುಕೊಳ್ಳುವ ಪಂಪು ಹುಡುಕಿ ಕೊಟ್ಟ. ಅವರು ಎರಡು ಸಲ ಎಳೆದುಕೊಂಡು, ಬೆನ್ನಿಗೆ ದಿಂಬು ಒರಗಿಸಿಕೊಂಡು, ಕೂತಲ್ಲೇ ನಿದ್ದೆ ಹೋದರು.

ಬೆಳಿಗ್ಗೆ ಮೈದಾನದ ಕಾವಲುಗಾರ, "ಫ್ಯೂಸಕ್ಕನ ಹತ್ರ ಹೋಗಿ" ಎಂದು ದಾರಿ ತೋರಿಸಿದ.

ಟಯರು ಅಂಗಡಿಯ ಹಿಂದೆ, ತಗಡಿನ ಚಾವಣಿಯ ಷೆಡ್ಡು. ಅದರ ಎದುರಿಗೇ ಗಾಡಿ ನಿಲ್ಲಿಸಿದ. ಒಳಗೆ ಲಾರಿ ಬ್ಯಾಟರಿಗಳ ಸಾಲು, ಆಸಿಡ್ಡಿನ ಹುಳಿ ವಾಸನೆ. ಕಿವಿಯ ಹಿಂದೆ ಟೆಸ್ಟರ್ ಸಿಕ್ಕಿಸಿಕೊಂಡ ಭಾರಿ ಮೈಯ ಹೆಂಗಸೊಬ್ಬಳು ಎದ್ದು ಬಂದಳು. ಕನ್ನಡಕದ ಅಂಗಡಿಯವನು ಬಾಯಿ ತೆರೆಯುವ ಮೊದಲೇ, "ಫ್ಯೂಸ್ ನೋಡಿದ್ರಾ ಸಾರ್?" ಎಂದಳು. ಆ ಹೆಸರು ಬಂದದ್ದು ಯಾಕೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ.

ಫ್ಯೂಸ್ ಸರಿಯಾಗಿತ್ತು. ಬ್ಯಾಟರಿಗಳು ಗಾಡಿಯ ಪಕ್ಕದ ಬಾಗಿಲಿನ ಮೆಟ್ಟಿಲ ಕೆಳಗಿದ್ದವು. ಫ್ಯೂಸಕ್ಕ ಮಂಡಿಯೂರಿ ಮೀಟರಿನ ಕಡ್ಡಿ ತಾಗಿಸಿದಳು, ಹನ್ನೊಂದು ಚಿಲ್ಲರೆ ವೋಲ್ಟು ಬಂತು, ಹನ್ನೆರಡರ ಮೇಲಿರಬೇಕಿತ್ತು. ನಾಲಿಗೆಯನ್ನು ಲೊಚ್ ಅನ್ನಿಸಿದಳು.

"ಸತ್ತಿದೆ. ಬ್ಯಾಟರಿ ಬದಲಾಯಿಸ್ಬೇಕು."

"ಬದಲಾಯಿಸಿ," ಅವನೆಂದ.

ಅತ್ತೆ ಮೆಟ್ಟಿಲ ಮೇಲಿಂದಲೇ ಮೂಗು ತೂರಿಸಿದರು. "ನೋಡಮ್ಮ, ಸತ್ತಿದೆ ಅಂತ ಅಷ್ಟು ಸಲೀಸಾಗಿ ಹೇಳ್ಬೇಡ. ಎಲ್ಲಾ ಸರಿಯಾಗಿ ನೋಡು. ನಮ್ಮ ಅಳಿಯಂದ್ರು ಏನು ಹೇಳಿದ್ರೂ ಹೂಂ ಅಂತಾರೆ. ಗಾಡಿಗೆ ಬೆಂಕಿ ಹಾಕ್ತೀನಿ ಅಂದ್ರೂ ಹಾಕಿ ಅಂತಾರೆ."

ಫ್ಯೂಸಕ್ಕ ನಕ್ಕಳು. "ಆಯ್ತು ಅಜ್ಜಿ. ಒಂದು ರಾತ್ರಿ ನನ್ನ ಚಾರ್ಜರಿಗೆ ಹಾಕಿ ನೋಡ್ತೀನಿ. ಆಮೇಲೆ ಸತ್ತಿದ್ಯೋ ಬದುಕಿದ್ಯೋ ಅದೇ ಹೇಳುತ್ತೆ."

ಬ್ಯಾಟರಿಗಳನ್ನು ಬಿಚ್ಚಿ ಒಳಗೆ ಹೊತ್ತೊಯ್ದರು. ಷೆಡ್ಡಿನ ಗೋಡೆಯಿಂದ ಉದ್ದನೆಯ ವಯರು ಎಳೆದು ಅತ್ತೆಯ ಯಂತ್ರಕ್ಕೆ ಕೊಟ್ಟದ್ದಾಯಿತು. ಆ ದಿನ ಗಾಡಿ ಅಲ್ಲೇ ನಿಂತಿತು. ಟಯರು ಬಿಚ್ಚುವವರ ಸುತ್ತಿಗೆಯ ಸದ್ದು, ಕಾಂಪ್ರೆಸರಿನ ಬುಸ್ಸು. ಅತ್ತೆ ಸ್ಟೂಲು ಹಾಕಿಸಿಕೊಂಡು ಷೆಡ್ಡಿನಲ್ಲೇ ಠಿಕಾಣಿ ಹೂಡಿದರು. ಬಂದ ಗಿರಾಕಿಗಳಿಗೆಲ್ಲ, "ಫ್ಯೂಸ್ ನೋಡಿದ್ರೇನಪ್ಪ?" ಎಂದು ತಾವೇ ಕೇಳತೊಡಗಿದರು. ಕನ್ನಡಕದವನು ಗಾಡಿಯ ಮೆಟ್ಟಿಲ ಮೇಲೆ ಕೂತು, ಕೈಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡು ನೋಡುತ್ತಿದ್ದ. ಅತ್ತೆ ನಗಿಸುತ್ತಿದ್ದಾರೆ ಎಂಬುದು ತಿಳಿಯುತ್ತಿತ್ತು. ಆದರೆ ಅದೆಲ್ಲ ಗಾಜಿನಾಚೆ, ನಂಬರು ತಪ್ಪಿದ ಕನ್ನಡಕದಲ್ಲಿ ಕಂಡ ಹಾಗೆ, ಎಲ್ಲೋ ಆಗುತ್ತಿತ್ತು.

ಮರುದಿನ ಬೆಳಿಗ್ಗೆ ಫ್ಯೂಸಕ್ಕ ಬ್ಯಾಟರಿಗೆ ದೊಡ್ಡ ಲಾರಿ ದೀಪವೊಂದನ್ನು ಸಿಕ್ಕಿಸಿ ಬಿಟ್ಟಿದ್ದಳು. ಅದು ಮಂಕಾಗದೆ ಉರಿಯುತ್ತಿತ್ತು. "ತಪ್ಪಾಯ್ತು ಅಜ್ಜಿ," ಎಂದು ಬ್ಯಾಟರಿಯ ತಲೆ ತಟ್ಟಿದಳು. "ಇದು ಗಟ್ಟಿಯಾಗೇ ಇದೆ. ಪಾಪ, ಉಪವಾಸ ಬಿದ್ದಿತ್ತು ಅಷ್ಟೆ."

"ನಾನು ಹೇಳಿಲ್ವಾ," ಅತ್ತೆ ಎಂದರು.

ಮತ್ತೆ ಜೋಡಿಸಿ, ಗೋಡೆಯ ಕೇಬಲನ್ನು ಗಾಡಿಗೆ ಚುಚ್ಚಿ, ಫ್ಯೂಸಕ್ಕ ಮೀಟರು ಹಿಡಿದು ಕಾದಳು. ಅಂಕಿ ಏರಬೇಕಿತ್ತು, ಮಿಸುಕಾಡಲಿಲ್ಲ.

"ನೋಡಿ ಸಾರ್. ಗೋಡೆಯಿಂದ ಕರೆಂಟು ಗಾಡಿ ತನಕ ಬಂದಿದೆ. ಬ್ಯಾಟರಿಗೆ ಹೋಗ್ತಿಲ್ಲ. ಮಧ್ಯದಲ್ಲಿ ಕೂತವನು ತಡೀತಿದ್ದಾನೆ. ನಿಮ್ಮ ಇನ್ವರ್ಟರ್ ಹೊಟ್ಟೇಲೇ ಚಾರ್ಜರೂ ಇರೋದು ತಾನೇ? ಎಲ್ಲಿಟ್ಟಿದ್ದೀರಿ ಅದನ್ನ?"

ಕನ್ನಡಕದವನು ಗಾಡಿಯೊಳಕ್ಕೆ ಇಣುಕಿದ. ಅತ್ತೆ ಸೆರಗಿನ ತುದಿ ಎಳೆದು ಸರಿಮಾಡಿಕೊಂಡರು.

"ಮಂಚದ ಕೆಳಗೆ," ಅವನೆಂದ.

ಹಾಸಿಗೆ ಮಡಚಿ, ಹಲಗೆ ಎತ್ತಿದ. ಇನ್ವರ್ಟರ್ ಕಾಣಲಿಲ್ಲ, ಚೀಲಗಳು ಕಂಡವು. ಅವಳು ತೀರಿಕೊಂಡ ವಾರ ಅವಳ ಬಟ್ಟೆಗಳನ್ನೆಲ್ಲ ಎರಡು ಚೀಲಕ್ಕೆ ತುರುಕಿ ಅವನೇ ಅಲ್ಲಿ ನೂಕಿದ್ದ. ಕಣ್ಣೆದುರಿಗೆ ಬೇಡ ಎಂದೇನೂ ಅಲ್ಲ. ಎಲ್ಲಾದರೂ ಇಡಬೇಕಲ್ಲ, ಗಾಡಿಯಲ್ಲಿ ಬೇರೆ ಜಾಗ ಎಲ್ಲಿತ್ತು? ಒಂದೊಂದಾಗಿ ಎಳೆದು ಹೊರಗಿಟ್ಟ. ಅವುಗಳ ಹಿಂದೆ ಇನ್ನೂ ಒಂದು ಚೀಲವಿತ್ತು. ಅದರ ಪಕ್ಕದಲ್ಲಿ ದಪ್ಪ ಕೋಟು, ಅದರ ಮೇಲೆ ಅವಳು ಕೆಲಸಕ್ಕೆ ಹಾಕುತ್ತಿದ್ದ ಬೂಟು.

"ಇದು ನಾನಿಟ್ಟಿದ್ದಲ್ಲ," ಅವನೆಂದ.

"ನಾನಿಟ್ಟಿದ್ದು," ಅತ್ತೆ ಕಿಟಕಿಯ ಕಡೆ ನೋಡುತ್ತ ಹೇಳಿದರು. "ನನ್ನ ರೂಮಲ್ಲಿ ಅವಳು ಬಿಟ್ಟಿದ್ದವು. ನೀವು ಡೀಸೆಲ್ ಹಾಕಿಸಕ್ಕೆ ಇಳಿದಿದ್ರಿ, ಆವಾಗ."

ಎಲ್ಲ ಹೊರಬಂದ ಮೇಲೆ ಮೂಲೆಯಲ್ಲಿ ಬೂದು ಬಣ್ಣದ ಪೆಟ್ಟಿಗೆ ಕಂಡಿತು. ಗಾಳಿ ಹೋಗುವ ಜಾಲರಿಯ ಮೇಲೆ ಬಟ್ಟೆಯ ನವಿರು ನೂಲೆಲ್ಲ ಕೂತು ದಪ್ಪ ಪದರ ಕಟ್ಟಿತ್ತು. ಫ್ಯೂಸಕ್ಕ ಬಗ್ಗಿ ಮೂಸಿದಳು. ಸುಟ್ಟ ವಾಸನೆ ಅವನಿಗೂ ಬಂತು.

"ಫ್ಯಾನಿಗೆ ಗಾಳಿನೇ ಇಲ್ಲ. ಕಾದು ಕಾದು ಒಳಗೆ ಬೆಂದೋಗಿದೆ," ಎಂದಳು. "ಹಾಕಿದವರು ಜಾಗ ಬಿಟ್ಟೇ ಹಾಕಿದ್ದಾರೆ ನೋಡಿ, ಸುತ್ತಲೂ. ಯಾರು ಹಾಕಿದ್ದು ಸಾರ್? ಕೆಲಸ ಅಂದ್ರೆ ಇದು."

"ನನ್ನ ಹೆಂಡತಿ."

"ಅವರೆಲ್ಲಿ?"

"ತೀರ್ಕೊಂಡಳು."

ಫ್ಯೂಸಕ್ಕ ಒಮ್ಮೆ ಚೀಲಗಳನ್ನು, ಒಮ್ಮೆ ಬೂಟನ್ನು ನೋಡಿದಳು. "ಇದು ರಿಪೇರಿಗೆ ಬರಲ್ಲ. ಇದೇ ಅಳತೇದು ಹೊಸದು ಪೇಟೇಲಿ ಸಿಗುತ್ತೆ, ತರ್ತೀನಿ," ಎಂದು ಸ್ಕೂಟರ್ ಹತ್ತಿ ಹೋದಳು.

ಗಾಡಿಯೊಳಗೆ ಇಬ್ಬರೇ ಉಳಿದರು. ಕೂರಲು ಜಾಗವಿಲ್ಲ. ಅತ್ತೆ ಒಂದು ಚೀಲವನ್ನೇ ಸರಿಸಿಕೊಂಡು ಅದರ ಮೇಲೆ ಕೂತರು. ಹೊರಗೆ ಯಾರೋ ಟಯರು ಉರುಳಿಸಿಕೊಂಡು ಹೋದರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಅತ್ತೆ ಎಂದರು. "ಅವಳು ಹೋದ ದಿನದಿಂದ ನೋಡ್ತಿದ್ದೀನಿ. ನಿಮ್ಮ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನಿಮಗೇನೂ ಅನ್ಸಲ್ವಾ?"

ಅವನು ಯೋಚಿಸಿದ. ಅತ್ತೆಗೆ ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

"ಇಲ್ಲ ಅತ್ತೆ. ಏನೂ ಅನ್ಸಲ್ಲ. ಅನ್ನಿಸ್ಬೇಕು ಅಂತ ಕಾಯ್ತಾ ಇದ್ದೀನಿ."

ಬೈಗುಳ ಬರುತ್ತದೆ ಎಂದುಕೊಂಡಿದ್ದ. ಅತ್ತೆ ಸೆರಗಲ್ಲಿ ಕೈ ಒರೆಸಿಕೊಳ್ಳುವವರಂತೆ ಮಡಿಲಲ್ಲಿ ಅಂಗೈ ಉಜ್ಜುತ್ತ ಕೂತಿದ್ದರು.

"ನನಗೂ ಅಷ್ಟೇ," ಎಂದರು. "ಬಂದವರೆಲ್ಲ ತಬ್ಕೊಂಡು ಅಳ್ತಿದ್ರು. ನಾನೂ ಅತ್ತ ಹಾಗೆ ಮಾಡ್ದೆ. ಹೆತ್ತವಳು ನಾನು, ಅಳದೆ ಇದ್ರೆ ಏನಂದ್ಕೊಂಡಾರು? ಒಳಗೆ ಏನೂ ಇರ್ಲಿಲ್ಲ. ಒಲೆ ಮೇಲೆ ಹಾಲಿಟ್ಟು ಬಂದಿದ್ದೀನೇನೋ ಅಂತ ಯೋಚ್ನೆ ಬರ್ತಿತ್ತು."

"ಇಟ್ಟಿದ್ರಾ?"

"ಇಲ್ಲ." ಅತ್ತೆ ಸಣ್ಣಗೆ ಕೆಮ್ಮಿದರು, ಅಥವಾ ನಕ್ಕರು. "ಹಾಲೇ ತಂದಿರ್ಲಿಲ್ಲ ಅವತ್ತು."

ಸ್ವಲ್ಪ ಹೊತ್ತಿಗೆ ಅತ್ತೆ ಎದ್ದು, ಚೀಲದ ಬಾಯಿ ಬಿಚ್ಚಿ, ಮಗಳ ಸ್ವೆಟರೊಂದನ್ನು ತೆಗೆದು ಹಾಕಿಕೊಂಡರು. "ಚಳಿ," ಎಂದರು.

ಫ್ಯೂಸಕ್ಕ ಹೊಸ ಪೆಟ್ಟಿಗೆ ತಂದಳು. ತೊಡಕು ಶುರುವಾದದ್ದು ಆಗ. ಮಂಚದ ಕೆಳಗಿನ ಗೂಡಿನೊಳಗೆ ಅವಳ ಭುಜ ಹಿಡಿಸಲಿಲ್ಲ. ಎಡಗಡೆಯಿಂದ ನುಗ್ಗಿ ನೋಡಿದಳು, ಬಲಗಡೆಯಿಂದ ನುಗ್ಗಿ ನೋಡಿದಳು, ಕೊನೆಗೆ ಏದುಸಿರು ಬಿಡುತ್ತ ಹಿಂದೆ ಸರಿದು, "ಸಾರ್, ನೀವೇ ಇಳೀರಿ. ಕಡ್ಡಿ ಹಾಗಿದ್ದೀರಿ. ನಾನು ಹೇಳ್ತೀನಿ, ನೀವು ಮಾಡಿ," ಎಂದಳು.

"ನನಗೆ ಕರೆಂಟಿನ ಕೆಲಸ ಬರಲ್ಲ."

"ಸ್ಕ್ರೂ ಬಿಚ್ಚಕ್ಕೆ ಬರುತ್ತಾ?"

ಕನ್ನಡಕದ ಸ್ಕ್ರೂ ಬಿಚ್ಚಿಯೇ ಬದುಕಿದ್ದವನು ಅವನು. ಅಂಗಾತ ಮಲಗಿ ತಲೆ, ಭುಜ ಒಳಗೆ ತೂರಿಸಿದ. ಎದೆಯ ಮೇಲೆ ಟಾರ್ಚು.

"ಗೋಡೆ ಕೇಬಲ್ ತೆಗ್ದಿದ್ದೀನಿ. ಮೊದಲು ಮೈನಸ್ಸು ಬಿಚ್ಚಿ. ಕಪ್ಪುದು. ಆಮೇಲೆ ಕೆಂಪು. ಬಿಚ್ಚಿದ ಕೂಡ್ಲೇ ಕೆಂಪಿನ ತುದಿಗೆ ಟೇಪು ಸುತ್ತಿ, ಎಲ್ಲಿಗೂ ತಾಗಬಾರ್ದು. ಸ್ಪ್ಯಾನರು ಜಾರಿದ್ರೆ ಕಿಡಿ ಹಾರುತ್ತೆ, ಹುಷಾರು."

ಹೆಬ್ಬೆರಳು ಗಾತ್ರದ ಎರಡು ಕೇಬಲ್ಲು, ಜತೆಗೆ ಸಣ್ಣ ವಯರುಗಳು ನಾಲ್ಕಾರು. ಸಣ್ಣ ವಯರುಗಳಿಗೆಲ್ಲ ಒಂದೊಂದು ಬಣ್ಣದ ಉಣ್ಣೆಯ ಎಳೆ ಕಟ್ಟಿತ್ತು: ಹಸಿರು, ಹಳದಿ, ನೇರಳೆ. ಯಾವುದು ಎಲ್ಲಿಗೆ ಹೋಗಬೇಕು ಎಂದು ತಿಳಿಯಲು ಅವಳು ಕಟ್ಟಿಟ್ಟದ್ದು. ಅವನು ಅದನ್ನು ಹೊರಗಿನವರಿಗೆ ಹೇಳಿದ. ಫ್ಯೂಸಕ್ಕ, "ಒಳ್ಳೇದೇ ಆಯ್ತು. ಒಂದೊಂದೇ ತೆಗ್ದು ಹೊಸದಕ್ಕೆ ಹಾಕ್ತಾ ಬನ್ನಿ. ಎಳೆ ಕತ್ತರಿಸ್ಬೇಡಿ, ಮುಂದೆ ನೋಡೋರಿಗೆ ಬೇಕಾಗುತ್ತೆ," ಎಂದಳು.

"ನೇರಳೆ ನನ್ನ ಶಾಲಿಂದು," ಅತ್ತೆ ಮೇಲಿನಿಂದ ಹೇಳಿದರು. "ಹಾಳಾದೋಳು. ಅಂಚು ಬಿಚ್ಕೊಂಡಿದ್ದು ಹೇಗೆ ಅಂತ ಎಷ್ಟು ತಲೆ ಕೆಡಿಸ್ಕೊಂಡಿದ್ದೆ."

ಅವನು ಆ ಎಳೆಗಳನ್ನು ಮೂಗಿನ ಅಂತರದಲ್ಲಿ ನೋಡಿದ. ಅವಳ ಗಂಟು, ಎರಡು ಸುತ್ತಿನದು. ಈಗ ಏನಾದರೂ ಅನ್ನಿಸಬಹುದು ಎಂದು ಒಂದು ಗಳಿಗೆ ಮಿಸುಕದೆ ಮಲಗಿದ. ಏನೂ ಅನ್ನಿಸಲಿಲ್ಲ. ಭುಜ ನೋಯುತ್ತಿತ್ತು, ಕಣ್ಣಿಗೆ ಧೂಳು ಬೀಳುತ್ತಿತ್ತು. ಹಸಿರು ಎಳೆಯದನ್ನು ಹಿಡಿದು ಸ್ಕ್ರೂ ತಿರುಗಿಸಿದ.

ಹೊಸ ಪೆಟ್ಟಿಗೆಯ ತೂತುಗಳು ಹಳೆಯವಕ್ಕೆ ಹೊಂದಲಿಲ್ಲ. ಹಲಗೆಗೆ ಬೇರೆ ತೂತು ಕೊರೆಯಬೇಕಾಯಿತು. ಅದು ಅವನ ಕೈ ಪಳಗಿದ ಕೆಲಸ, ಬೇಗ ಮುಗಿಸಿದ. ಬೋಲ್ಟು ಬಿಗಿದು, ಕೆಂಪು ಕೂರಿಸಿ, ಕಪ್ಪು ಕೇಬಲ್ ಕೈಗೆತ್ತಿಕೊಂಡಾಗ ಫ್ಯೂಸಕ್ಕ ಎಚ್ಚರಿಸಿದಳು: "ತಾಗಿಸುವಾಗ ಒಂದು ಸಲ ಚಟ್ ಅನ್ನುತ್ತೆ. ಹೆದರಿ ಕೈ ಬಿಡಬೇಡಿ. ಹೊಸ ಪೆಟ್ಟಿಗೆ ಹೊಟ್ಟೆಗೆ ಕರೆಂಟು ತಗೊಳ್ಳುತ್ತೆ ಅಷ್ಟೆ."

ಚಟ್ ಅಂದಿತು. ಮೂಗಿನ ಎದುರಿಗೇ ನೀಲಿ ಕಿಡಿ. ಅವನು ಸುಮ್ಮನೆ ನಟ್ಟು ತಿರುಗಿಸುತ್ತ ಹೋದ.

"ಎಂಥ ಎದೆಗಾರಿಕೆ ನಿಮ್ಮ ಅಳಿಯಂದು!" ಬಗ್ಗಿ ನೋಡುತ್ತಿದ್ದ ಫ್ಯೂಸಕ್ಕ ಬೆರಗಾದಳು. "ರೆಪ್ಪೆನೂ ಬಡೀಲಿಲ್ಲ."

"ಎದೆಗಾರಿಕೆ ಅಲ್ಲಮ್ಮ," ಅತ್ತೆ ಎಂದರು. "ಇರ್ಲಿ ಬಿಡು."

ಬ್ಯಾಟರಿ ಯಾವ ಬಗೆಯದೆಂದು ಹೊಸ ಚಾರ್ಜರಿಗೆ ತಿಳಿಸಲು ಒಂದು ಪುಟ್ಟ ಗುಂಡಿ ಇತ್ತು. ಫ್ಯೂಸಕ್ಕ ಹೇಳಿದಲ್ಲಿಗೆ ಅದನ್ನು ತಿರುಗಿಸಿದ. ಗೋಡೆಯ ಕೇಬಲ್ ಚುಚ್ಚಿದರು. ಪೆಟ್ಟಿಗೆ ಒಮ್ಮೆ ಕೆಮ್ಮಿದಂತೆ ಮಾಡಿ, ಫ್ಯಾನು ತಿರುಗಿತು. ಮೆಟ್ಟಿಲ ಹತ್ತಿರ ಮೀಟರು ಹಿಡಿದ ಫ್ಯೂಸಕ್ಕ ಕೂಗಿ ಹೇಳತೊಡಗಿದಳು: "ಹದಿಮೂರು... ಹದಿಮೂರೂವರೆ... ಏರ್ತಿದೆ ಅಜ್ಜಿ!" ಆಮೇಲೆ ಕೇಬಲ್ ಕಿತ್ತು, ಬರೀ ಬ್ಯಾಟರಿಯಿಂದಲೇ ಅತ್ತೆಯ ಯಂತ್ರ ಹಾಕಿ ನೋಡಿದರು. ಆವಿ ಬಂತು. ಅತ್ತೆ ಮುಖವಾಡ ಕಟ್ಟಿಕೊಂಡು ಕಣ್ಣು ಮುಚ್ಚಿದರು.

"ಅಂಗೈಯಗಲ ಜಾಗ ಸುತ್ತಲೂ ಬಿಡ್ಬೇಕು," ಫ್ಯೂಸಕ್ಕ ಚೀಲಗಳನ್ನು ನೋಡುತ್ತ ಹೇಳಿದಳು. "ಇವನ್ನ ಮತ್ತೆ ಅಲ್ಲಿಡ್ಬೇಡಿ."

ಮುಖವಾಡ ತೆಗೆದ ಮೇಲೆ ಅತ್ತೆ ಬೂಟು ಎತ್ತಿಕೊಂಡು, "ಹಾಕಿ ನೋಡಮ್ಮ. ಗಟ್ಟಿ ಚರ್ಮದ್ದು, ಕೆಲಸದವರ ಕಾಲಿಗೇ ಇರೋದು," ಎಂದರು. ಫ್ಯೂಸಕ್ಕ ಸಂಕೋಚದಿಂದಲೇ ಕೂತು ಕಾಲು ತುರುಕಿದಳು. ಅರ್ಧಕ್ಕೆ ನಿಂತಿತು. ಒದ್ದಾಡಿದಳು, ಕಂಬ ಹಿಡಿದು ತುಳಿದಳು, ಮುಖ ಕೆಂಪಾಯಿತು. ಕೊನೆಗೆ ಕನ್ನಡಕದವನು ಮಂಡಿಯೂರಿ ಕೂತು ಅದನ್ನು ಎಳೆದು ಬಿಡಿಸಬೇಕಾಯಿತು. "ನನ್ನ ಕಾಲು ಆನೆ ಕಾಲು ಅಜ್ಜಿ," ಎಂದು ಅವಳೇ ಕ್ಷಮೆ ಕೇಳಿದಳು.

ಊರ ಹೊರಗಿನ ಬಟ್ಟೆ ಒಗೆಯುವ ಅಂಗಡಿಯ ಪಕ್ಕ, ಇಲ್ಲದವರಿಗೆಂದು ಹಳೇ ಬಟ್ಟೆ ಹಾಕುವ ಕಬ್ಬಿಣದ ಪೆಟ್ಟಿಗೆ ಇತ್ತು. ಗಾಡಿ ನಿಲ್ಲಿಸಿ, ಇಬ್ಬರೂ ಸೇರಿ ಚೀಲಗಳನ್ನು ಅದರ ಬಾಯಿಗೆ ಹಾಕಿದರು. ಬೂಟನ್ನು ಜೋಡಿಯಾಗಿ ಪೆಟ್ಟಿಗೆಯ ಮೇಲಿಟ್ಟರು. ಕೋಟು ಕೈಯಲ್ಲಿ ಉಳಿದಾಗ ಅತ್ತೆ ತಡೆದರು.

"ಒಂದಾದ್ರೂ ಇಟ್ಕೊಳ್ಳಿ. ಮುಂದೆ ಬೇಕು ಅನ್ಸುತ್ತೆ."

"ಈಗ ಅನ್ಸಲ್ವಲ್ಲ."

"ಅನ್ಸಿದಾಗ ಇಲ್ಲಿಗೆ ಬಂದು ಪೆಟ್ಟಿಗೆಗೆ ಕೈ ಹಾಕ್ತೀರಾ?"

ಅವನು ಕೋಟನ್ನು ಡ್ರೈವರ್ ಸೀಟಿನ ಹಿಂದೆ ನೇತುಹಾಕಿದ.

ಭಾವಮೈದುನನ ಮನೆ ಎರಡನೆಯ ಮಹಡಿ. ಅವನೂ ಅವನ ಹೆಂಡತಿಯೂ ಕೆಳಗೆ ಇಳಿದು ಬಂದು ಗಂಟುಮೂಟೆ ಎತ್ತಿಕೊಂಡರು. ಅತ್ತೆಯ ಕೋಣೆ ಚೊಕ್ಕಟವಾಗಿತ್ತು, ಮಂಚದ ಪಕ್ಕದಲ್ಲೇ ಪ್ಲಗ್ಗು. "ಭಾವ, ನೀವೂ ಇಲ್ಲೇ ಇದ್ದುಬಿಡಿ ಸ್ವಲ್ಪ ದಿನ," ಎಂದು ಭಾವಮೈದುನ ಒತ್ತಾಯ ಮಾಡಿದ. ಅಳುಮುಖ ಮಾಡಿಕೊಂಡು ಅಕ್ಕನ ವಿಷಯ ಎತ್ತಿದ. ಕನ್ನಡಕದವನು ಅತ್ತೆಯ ಯಂತ್ರವನ್ನು ಪ್ಲಗ್ಗಿನ ಪಕ್ಕ ಇಡಲು ಬಗ್ಗಿದ. ಅತ್ತೆ, "ಅವರಿಗೆ ಸುಸ್ತಾಗಿದೆ, ಬಿಡೋ," ಎಂದು ಮಗನ ಬಾಯಿ ಮುಚ್ಚಿಸಿದರು.

ಕೆಲವು ದಿನ ಇದ್ದ. ಮಲಗುವುದು ಕೆಳಗೆ ಗಾಡಿಯಲ್ಲೇ, ಮಂಚದ ಮೇಲೆ. ಬೆಳಿಗ್ಗೆ ಅತ್ತೆ ಕಂಬಿ ಹಿಡಿದು ಮೆಟ್ಟಿಲಿಳಿದು ಬಂದು, ಬಾಗಿಲಲ್ಲಿ ಕೂತು, ಒಂದು ಲೋಟ ಚಹಾ ಮುಗಿಯುವ ತನಕ ಇದ್ದು ಹೋಗುತ್ತಿದ್ದರು. ಒಂದು ದಿನ ಅವನು ಹೊರಡುತ್ತೇನೆಂದ.

"ಎಲ್ಲಿಗೆ?"

"ಗೊತ್ತಿಲ್ಲ ಅತ್ತೆ. ಮುಂದಕ್ಕೆ."

"ಬ್ಯಾಟರಿ ನೋಡ್ಕೊಂಡು ಹೋಗಿ," ಎಂದರು. ತಡೆಯಲಿಲ್ಲ. ಮಗಳ ಸ್ವೆಟರಿನ ತೋಳನ್ನು ಬೆರಳ ತನಕ ಎಳೆದುಕೊಂಡು, ಗಾಡಿ ತಿರುವು ದಾಟುವ ವರೆಗೂ ಗೇಟಿನ ಹತ್ತಿರ ನಿಂತಿದ್ದರು.

ಮಧ್ಯಾಹ್ನ ಕಳೆದಿತ್ತು. ಪೆಟ್ರೋಲ್ ಬಂಕಿನ ಪಕ್ಕದ ಒಂದು ಸಣ್ಣ ಹೋಟೆಲಿನಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು. ಟ್ಯಾಂಕಿನ ಮುಚ್ಚಳ ಹಾಕುತ್ತಿದ್ದವನ ಬಾಯಲ್ಲಿ ನೀರೂರಿತು. ಏನಾಯಿತೆಂದು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹಸಿವಾಗಿತ್ತು, ಅವಳು ಹೋದ ಮೇಲೆ ಇದೇ ಮೊದಲು. ಒಳಗೆ ಹೋಗಿ ಕೂತು ಒಂದು ತಟ್ಟೆ ಮುಗಿಸಿದ, ಕೈ ತೊಳೆಯಲು ಎದ್ದವನು ಮತ್ತೆ ಕೂತು ಇನ್ನೊಂದು ತಟ್ಟೆ ಹೇಳಿದ. ತಿನ್ನುತ್ತಲೇ ಎಡಗೈಯಲ್ಲಿ ಫೋನ್ ಮಾಡಿದ.

"ಅತ್ತೆ, ಊಟ ಮಾಡ್ತಿದ್ದೀನಿ."

"ಈ ಹೊತ್ತಿಗಾ? ಎಷ್ಟು ಗಂಟೆ ಆಯ್ತು ನೋಡಿ," ಅತ್ತೆ ಗದರಿದರು. ಆಮೇಲೆ, "ಏನು ತಿಂತಿದ್ದೀರಿ?" ಎಂದರು.

ಅವನು ತಟ್ಟೆ ನೋಡಿಕೊಂಡು ಒಂದೊಂದಾಗಿ ಹೇಳತೊಡಗಿದ.